ತೊಟ್ಟಿಲು ಇಳಿಸಿದ ಮನೆ

"ಅಜ್ಜಾ, ಮನಸ್ಸು ನಿಂತೈತೋ ಇಲ್ಲೋ ಅಂತ ತಿಳಿಯೂದು ಹ್ಯಾಂಗ್ರಿ?"

ಶಿಷ್ಯ ಕೇಳಿದ. ಅವನು ಆ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ದಾಸೋಹಕ್ಕೆ ಜೋಳ ಬೀಸುವುದು ಅವನ ಪಾಲಿನ ಕೆಲಸ. ಕೇಳಲು ಬಂದಾಗ ಅವನ ಎರಡೂ ಕೈಗೆ ಮೊಳಕೈವರೆಗೆ ಹಿಟ್ಟು ಹತ್ತಿತ್ತು.

"ಯಾಕಪಾ, ಏನಾತು?" ಎಂದರು ಮಠದ ಅಜ್ಜ.

"ಒಂದೊಂದು ಸಲ ಒಳಗ ಎಲ್ಲಾ ಸುಮ್ಮನಾದಂಗ ಅನಸ್ತೈತ್ರಿ. ನಿಂತಿತೇನು ಅಂತ ತಿರುಗಿ ನೋಡ್ತೀನಿ. ನೋಡೂದ್ರಾಗ ಈ ಮನಸ್ಸಿನ ಮಂಗ್ಯಾ ಮತ್ತ ಗಿಡಕ್ಕ ಜಿಗಿದಿರತೈತಿ. ಮೂರು ವರ್ಷ ಇದೇ ಆತು. ಇದು ನನ್ನ ಕೈಲೆ ಆಗೂ ಮಾತಲ್ಲ. ನಾಳೆ ಊರಿಗೆ ಹೋಗಿಬಿಡ್ಲೇನ್ರಿ?"

ಅಜ್ಜ ಅವನ ಕೈಯ ಹಿಟ್ಟನ್ನು ನೋಡಿದರು. "ಕುಂದರು" ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರಗಿತ್ತಿ ಇದ್ದಳು. ಅವಳಿಗೆ ಅವಳಿ ಮಕ್ಕಳು. ಹೆಣ್ಣು ಶಂಕ್ರಿ, ಗಂಡು ಗೂಳ್ಯಾ. ಮನೆಯಲ್ಲಿ ಇದ್ದದ್ದು ಒಂದೇ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಗಂಡನಿಗೆ ದೀಪದ ಬೆಳಕಿನಲ್ಲಿ ನೂಲು ಕಾಣುತ್ತಿರಲಿಲ್ಲ. ಹಾಗಾಗಿ ಹಗಲೆಲ್ಲ ಅವನು ನೇಯುತ್ತಿದ್ದ, ದೀಪ ಹಚ್ಚಿದ ಮೇಲೆ ಅವಳು.

ಮಕ್ಕಳು ಹುಟ್ಟಿದ ಲಾಗಾಯ್ತು ಅವಳದೊಂದು ಉಪಾಯವಿತ್ತು. ಇಬ್ಬರನ್ನೂ ಒಂದೇ ತೊಟ್ಟಿಲಲ್ಲಿ ಹಾಕುವಳು, ಒಂದರ ತಲೆಯ ಕಡೆ ಇನ್ನೊಂದರ ಕಾಲು ಬರುವಂತೆ. ತೊಟ್ಟಿಲ ಹಗ್ಗದ ತುದಿಯನ್ನು ಮಗ್ಗದ ಕಾಲುಹಲಗೆಗೆ ಕಟ್ಟುವಳು. ಹಲಗೆ ತುಳಿದಾಗ ಸೀರೆಯೂ ಬೆಳೆಯುತ್ತಿತ್ತು, ತೊಟ್ಟಿಲೂ ತೂಗುತ್ತಿತ್ತು. ಮಕ್ಕಳು ಎಚ್ಚರವಿದ್ದರೆ ಹಗ್ಗ ತಡವರಿಸುತ್ತಿತ್ತು. ನಿದ್ದೆ ಹತ್ತಿದರೆ ಒಂದೇ ಸಮ ಎಳೆಯುತ್ತಿತ್ತು. ಅಷ್ಟನ್ನು ಅವಳ ಪಾದವೇ ತಿಳಿದುಕೊಳ್ಳುತ್ತಿತ್ತು. ಅವಳು ಎಂದೂ ಎದ್ದು ಹೋಗಿ ನೋಡಿದವಳಲ್ಲ.

ಮಕ್ಕಳಿಗೆ ಎರಡೂವರೆ ವರ್ಷವಾಯಿತು. ಈಗ ತೊಟ್ಟಿಲಲ್ಲಿ ಎದ್ದು ನಿಲ್ಲುತ್ತಿದ್ದವು. ಒಂದು ದಿನ ಇಬ್ಬರೂ ಒಂದೇ ಕಡೆಗೆ ವಾಲಿದರು. ತೊಟ್ಟಿಲು ಮಗುಚಿತು. ಕೆಳಗೆ ಕೌದಿ ಇತ್ತು, ದೇವರು ದೊಡ್ಡವನು, ಪೆಟ್ಟಾಗಲಿಲ್ಲ. ಗಂಡ ಅಂದೇ ತೊಟ್ಟಿಲನ್ನು ತೊಲೆಯಿಂದ ಇಳಿಸಿ ಗೋಡೆಗೆ ಆನಿಸಿಟ್ಟ.

ಆ ತೊಟ್ಟಿಲು ಮನೆತನದ್ದು. ಯಾರ ಮನೆಯಲ್ಲಿ ಕೂಸು ಹುಟ್ಟಿತೋ ಅವರ ಮನೆಗೆ ಹೋಗುವಂಥದ್ದು. ಸುದ್ದಿ ಕೇಳಿ ಗಂಡನ ಅಕ್ಕ ಗಿರೆವ್ವ ಬಂದಳು. ಅವಳ ಊರಲ್ಲಿ ಅವಳ ಮೈದುನನ ಹೆಂಡತಿ ಬಾಣಂತಿಯಾಗಿದ್ದಳು. ಗಾಡಿಯವನು ಅವಳನ್ನು ಇಳಿಸಿ ಸಂತೆಗೆ ಹೋದ. ಐದು ರಾತ್ರಿ ಕಳೆದು ಆರನೆಯ ದಿನ ಬೆಳಿಗ್ಗೆ ಬಂದು ಅವಳನ್ನೂ ತೊಟ್ಟಿಲನ್ನೂ ಒಯ್ಯುವುದೆಂದು ಮಾತಾಯಿತು.

ಗಿರೆವ್ವನಿಗೆ ಮಕ್ಕಳಿರಲಿಲ್ಲ. ಬಂದವಳೇ ಶಂಕ್ರಿಯನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಊಟದ ಹೊತ್ತಿನವರೆಗೂ ಇಳಿಸಲಿಲ್ಲ.

ಮೊದಲ ರಾತ್ರಿ ನೇಕಾರಗಿತ್ತಿ ತೊಟ್ಟಿಲು ತೂಗುತ್ತಿದ್ದ ಜಾಗದಲ್ಲೇ ಕೌದಿ ಹಾಸಿದಳು. ಇಬ್ಬರನ್ನೂ ಮಲಗಿಸಿ ಬೆನ್ನು ತಟ್ಟಿ ಮಗ್ಗಕ್ಕೆ ಇಳಿದಳು. ಮಗ್ಗದ ಮೇಲೆ ಧಾರೆಯ ಸೀರೆ ಇತ್ತು. ಮದುವೆ ಮನೆಯವರು ಅದೇ ಆರನೆಯ ದಿನ ಬೆಳಿಗ್ಗೆ ಬರುವವರಿದ್ದರು. ಮುಹೂರ್ತ ಯಾರಿಗೂ ಕಾಯುವುದಿಲ್ಲ.

ಸ್ವಲ್ಪ ಹೊತ್ತು ಮಕ್ಕಳು ಗುಸುಗುಸು ಎಂದವು. ಆಮೇಲೆ ಸುಮ್ಮನಾದವು. ಕಾಲಿಗೆ ಹಗ್ಗವಿಲ್ಲ, ತಿಳಿಯುವುದು ಹೇಗೆ? ಅವಳು ಲಾಳಿ ಹಿಡಿದು ಮಗ್ಗ ನಿಲ್ಲಿಸಿದಳು. ಕಿವಿಗೊಟ್ಟಳು.

"ಅವ್ವಾ" ಎಂದಿತು ಶಂಕ್ರಿ.

"ತೊಟ್ಲಾ" ಎಂದಿತು ಗೂಳ್ಯಾ.

ಗುಂಡಿಯಿಂದ ಎದ್ದು ಬಂದು ಮತ್ತೆ ತಟ್ಟಿದಳು. ಮತ್ತೆ ಇಳಿದಳು. ಮತ್ತೆ ಸದ್ದಡಗಿತು. ಮತ್ತೆ ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ "ಅವ್ವಾ". ಆ ರಾತ್ರಿ ಎಷ್ಟು ಸಲ ಗುಂಡಿಯಿಂದ ಎದ್ದಳೋ ಅವಳ ಮೊಣಕಾಲಿಗೇ ಗೊತ್ತು. ಮಕ್ಕಳು ಮಲಗಿದ್ದು ಹಾಲಿನವನು ಬರುವ ಹೊತ್ತಿಗೆ. ಸೀರೆ ನಾಲ್ಕು ಬೆರಳೂ ಬೆಳೆದಿರಲಿಲ್ಲ.

ಎರಡನೆಯ ರಾತ್ರಿ ಅವಳು ಮಗ್ಗಕ್ಕೆ ಇಳಿಯಲೇ ಇಲ್ಲ. ಇಬ್ಬರ ನಡುವೆ ತಾನೂ ಮಲಗಿದಳು. ಗೂಳ್ಯಾ ಹೊಟ್ಟೆ ಹತ್ತಿ ಕುದುರೆ ಓಡಿಸಿದ. ಶಂಕ್ರಿ ತಾಯಿಯ ಜಡೆ ಬಿಚ್ಚಿ ಅವಳ ಮೂಗಿಗೆ ಕಟ್ಟಿದಳು. ತಾಯಿಗೆ ನಿದ್ದೆ ಬಂತು, ಮಕ್ಕಳಿಗೆ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಎರಡೂ ಹಿಟ್ಟಿನ ಡಬ್ಬಿಯೊಳಗೆ ಕೈ ಹಾಕಿ, ಅಮಾವಾಸ್ಯೆಯ ಭೂತಗಳ ಹಾಗೆ ಬೆಳ್ಳಗೆ ಕೂತಿದ್ದವು.

ಗಿರೆವ್ವ ನಕ್ಕಳು. "ಅಲ್ಲವ್ವಾ, ಮಕ್ಕಳನ್ನ ಮಲಗಿಸಾಕ ಹೋಗಿ ನೀನ ಮಲಗಿದೀ. ಇವಕ್ಕ ಜೋಗುಳ ಹಾಡಾಕ ಯಾರನ್ನ ಕರಿಯೂಣು, ಪೊಲೀಸರನ್ನ?"

ನೇಕಾರಗಿತ್ತಿಯೂ ನಕ್ಕಳು. ಅದಾದ ಮೇಲೆ ಗಿರೆವ್ವ ತಮ್ಮನ ಕಡೆ ತಿರುಗಿ ಮೆಲ್ಲಗೆ ಒಂದು ಮಾತು ಆಡಿದಳು.

"ಬರಿ ತೊಟ್ಟಿಲು ಹೊಸಿಲು ದಾಟಬಾರದಂತ ಹಿರಿಯರು ಹೇಳ್ಯಾರ. ಶಂಕ್ರೀನ ಅದರಾಗ ಕೂಡಿಸಿ ಕಳಿಸ್ರಿ. ನನ್ನ ಮನಿಯಾಗ ಬೆಳೀಲಿ. ಒಂದು ಅಲ್ಲಿ, ಒಂದು ಇಲ್ಲಿ ಇದ್ರ ಎರಡೂ ನಿದ್ದಿ ಮಾಡತಾವು."

ಚೇಷ್ಟೆಯ ಮಾತಿನ ಹಾಗೆ ಆಡಿದಳು. ಕಣ್ಣಿನಲ್ಲಿ ಚೇಷ್ಟೆ ಇರಲಿಲ್ಲ. ತಮ್ಮ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಗಂಡಸು ಸುಮ್ಮನಿದ್ದರೆ ಅರ್ಧ ಒಪ್ಪಿದ ಎಂದೇ ಲೆಕ್ಕ.

ಮೂರನೆಯ ರಾತ್ರಿ ನೇಕಾರಗಿತ್ತಿ ಎದೆಯಲ್ಲಿ ಕೆಂಡ ಇಟ್ಟುಕೊಂಡು ಮಗ್ಗಕ್ಕೆ ಇಳಿದಳು. ಮಕ್ಕಳನ್ನು ಗದರಿಸಿ ಮಲಗಿಸಿದ್ದಳು. ಎದ್ದರೆ ಗುಮ್ಮ ಬರುತ್ತಾನೆ ಎಂದಿದ್ದಳು. ಗುಸುಗುಸು ಅಡಗಿತು. ಮಗ್ಗ ನಿಲ್ಲಿಸಿ ಕಿವಿಗೊಟ್ಟಳು. ಈ ಸಲ ಯಾರೂ ಅವ್ವಾ ಎನ್ನಲಿಲ್ಲ. ಇನ್ನೂ ಸ್ವಲ್ಪ ಕಾದಳು. ಉಸಿರಿನ ಸದ್ದೂ ಇಲ್ಲ. ಅಂತೂ ಮಲಗಿದವು ಎಂದುಕೊಂಡು ಲಾಳಿ ಎಸೆದಳು.

ಗೂಳ್ಯಾ ಮಲಗಿರಲಿಲ್ಲ. ಗುಮ್ಮನಿಗೆ ಹೆದರಿ, ಉಸಿರು ಬಿಗಿಹಿಡಿದು, ಅಂಬೆಗಾಲಿಟ್ಟುಕೊಂಡು ತಾಯಿಯ ಹತ್ತಿರ ಬರುತ್ತಿದ್ದ. ಮಗ್ಗದ ನೆರಳಿನ ಕತ್ತಲಲ್ಲಿ ಗುಂಡಿಯ ಅಂಚು ಅವನಿಗೆ ಕಾಣಲಿಲ್ಲ. ತಾಯಿಯ ತೊಡೆಯ ಮೇಲೆ ಧೊಪ್ಪೆಂದು ಬಿದ್ದ. ಲಾಳಿಯ ಚೂಪು ತುದಿ ಅವನ ಹುಬ್ಬನ್ನು ಸವರಿಕೊಂಡು ಹೋಯಿತು.

ಒಂದು ಬೆರಳು ಕೆಳಗೆ ತಾಕಿದ್ದರೆ ಕಣ್ಣು.

ಅವನು ಅತ್ತದ್ದು ಕೇಳಿ ಶಂಕ್ರಿ ಅತ್ತಳು. ಇಬ್ಬರೂ ಅತ್ತದ್ದು ಕೇಳಿ ಗಂಡ ಎದ್ದು ಬಂದ. ಗಿರೆವ್ವ ಅರಿಸಿನ ತಂದು ಹುಬ್ಬಿಗೆ ಒತ್ತಿದಳು.

"ನೋಡವ್ವಾ" ಎಂದಳು. "ನಾ ನಿನ್ನ ಕೂಸಿಗೆ ಆಸೆಪಟ್ಟೇನಿ, ಸುಳ್ಳ್ಯಾಕ ಹೇಳಲಿ. ಆದ್ರ ಈ ಮಾತು ಆಸೇದಲ್ಲ. ಮಗ್ಗ ಬಿಟ್ರ ನಿಮ್ಮ ಹೊಟ್ಟಿ ತುಂಬೂದಿಲ್ಲ. ಮಗ್ಗಕ್ಕ ಕುಂತ್ರ ಇವಕ್ಕ ಕಾವಲಿಲ್ಲ. ಗಾಡಿ ಬರೂದ್ರೊಳಗ ಒಂದು ರಾತ್ರಿ, ಒಂದ ರಾತ್ರಿ, ಇವೆರಡೂ ಮಲಗಿದ್ದು ನಾ ನೋಡಬೇಕು. ಇಲ್ಲಂದ್ರ ಹುಡುಗಿ ನನ್ನ ಕೂಡ ಬರ್ತಾಳ."

ನೇಕಾರಗಿತ್ತಿ ಗಂಡನ ಮುಖ ನೋಡಿದಳು. ಅವನು ಮಗನ ಹುಬ್ಬು ನೋಡುತ್ತ ನಿಂತಿದ್ದ. "ಅಕ್ಕ ಹೇಳೂದೂ ಖರೇನ ಐತಿ" ಎಂದ.

ನಾಲ್ಕನೆಯ ರಾತ್ರಿ ಅವಳು ಮನೆಯನ್ನೇ ಮೂಕ ಮಾಡಿದಳು. ಕೋಳಿಗಳನ್ನು ಪಕ್ಕದ ಮನೆಯ ಗೂಡಿಗೆ ಕೊಟ್ಟಳು. ಕೊಡದ ಬಾಯಿಗೆ ಬಟ್ಟೆ ಕಟ್ಟಿದಳು. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟಳು. ಕೈಬಳೆಯನ್ನು ಮೊಳಕೈಗೆ ಏರಿಸಿ ನೂಲಿನಿಂದ ಬಿಗಿದಳು. ಗಂಡ ಕೆಮ್ಮಿದರೆ ಕಣ್ಣು ಕೆಕ್ಕರಿಸಿದಳು. ಮಗ್ಗದ ಕಡೆ ಹೋಗಲೇ ಇಲ್ಲ. ಮಕ್ಕಳ ಪಕ್ಕ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ಆ ಎರಡು ಮುಖಗಳನ್ನೇ ನೋಡಿದಳು. ರೆಪ್ಪೆ ಇಳಿಯಿತೇ? ಇಳಿಯಿತು. ಉಸಿರು ನಿಧಾನವಾಯಿತೇ? ಆಯಿತು. ಬಗ್ಗಿ ಇನ್ನಷ್ಟು ಹತ್ತಿರದಿಂದ ನೋಡಿದಳು.

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಮಕ್ಕಳು ಬೆಚ್ಚಿ ಎದ್ದು ಕೂತವು. ಆ ಮನೆಯಲ್ಲಿ ಅವಕ್ಕೆ ಅಷ್ಟು ನಿಶ್ಶಬ್ದ ಎಂದೂ ಕೇಳಿ ಗೊತ್ತಿರಲಿಲ್ಲ. ಮೂಲೆಯ ಕತ್ತಲು ಕಂಡು ಅಳತೊಡಗಿದವು. ಬೆಳಗಿನವರೆಗೂ ಅತ್ತವು.

ಬೆಳಿಗ್ಗೆ ಗಿರೆವ್ವ ಎದ್ದಳು. ಶಂಕ್ರಿಯ ಎರಡು ಅಂಗಿ, ಒಂದು ಕುಲಾಯಿ, ಒಂದು ಕೈಮುರಿದ ಗೊಂಬೆ, ಇಷ್ಟನ್ನು ಗಂಟು ಕಟ್ಟಿ ಗೋಡೆಯ ಗೂಟಕ್ಕೆ ತೂಗುಹಾಕಿದಳು. ಅದು ಮಗ್ಗದ ಎದುರಿನ ಗೋಡೆ.

ಐದನೆಯ ರಾತ್ರಿ ಬಂತು.

ಗಂಡ ಹಗಲೆಲ್ಲ ನೇಯ್ದರೂ ಸೀರೆಯ ಸೆರಗು ಇನ್ನೂ ಒಂದು ಮೊಳ ಉಳಿದಿತ್ತು. ಬೆಳಗಾದರೆ ಗಾಡಿ, ಬೆಳಗಾದರೆ ಮದುವೆ ಮನೆಯವರು. ನೇಕಾರಗಿತ್ತಿ ಗುಂಡಿಯ ಮುಂದೆ ಒಂದು ಹಲಗೆ ಅಡ್ಡ ಇಟ್ಟಳು. ಕೌದಿ ಹಾಸಿ ಮಕ್ಕಳನ್ನು ಮಲಗಿಸಿದಳು. ಬೆನ್ನು ತಟ್ಟುವಾಗ ಶಂಕ್ರಿಯ ಮುಖ ನೋಡಲು ಹೋದವಳು ನೋಡಲಿಲ್ಲ. ನೋಡಿದರೆ ಇಂದು ಮಗ್ಗಕ್ಕೆ ಇಳಿಯಲಾರೆ ಎಂದು ಅವಳಿಗೆ ಗೊತ್ತಿತ್ತು. ಮುಖ ತಿರುಗಿಸಿಕೊಂಡು ಇಳಿದಳು. ಲಾಳಿ ಎಸೆದಳು.

ಕಟಕ್, ಧಡ್. ಕಟಕ್, ಧಡ್.

"ಅವ್ವಾ" ಎಂದಳು ಶಂಕ್ರಿ.

"ಹೂಂ, ಇಲ್ಲೇ ಅದೀನಿ" ಎಂದಳು ತಾಯಿ. ಕೈ ನಿಲ್ಲಲಿಲ್ಲ.

"ಅವ್ವಾ, ತೊಟ್ಲಾ."

"ಹೂಂ."

ಎದುರಿಗೆ ಗಂಟು ತೂಗುತ್ತಿತ್ತು. ಮಗ್ಗ ನಿಲ್ಲಿಸಿದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅದಕ್ಕೇ ಅವಳು ನೂಲಿನ ಮೇಲಿಂದ ಕಣ್ಣು ಎತ್ತಲಿಲ್ಲ. ಗಲ್ಲದಿಂದ ನೀರು ಇಳಿದು ಸೆರಗಿನ ಮೇಲೆ ಬೀಳುತ್ತಿತ್ತು. ಧಾರೆಯ ಸೀರೆಗೆ ಕಣ್ಣೀರು ತಾಕಬಾರದು ಎಂದು ಮುಖವನ್ನು ತೋಳಿಗೆ ಒರೆಸಿಕೊಂಡಳು. ಆಗಲೂ ಕಾಲು ತುಳಿಯುತ್ತಲೇ ಇತ್ತು.

ಗುಸುಗುಸು ಅಡಗಿತು.

ಅವಳ ಕೈ ತಾನಾಗಿಯೇ ಲಾಳಿಯನ್ನು ಹಿಡಿದು ನಿಲ್ಲಿಸಲು ಹೋಯಿತು. ಹಿಂದಿನ ರಾತ್ರಿಗಳ ರೂಢಿ. ಎದ್ದು ಹೋಗಿ ಒಂದೇ ಒಂದು ಸಲ ನೋಡಿ ಬಾ ಎಂದು ಕರುಳು ಎಳೆಯಿತು. ನೋಡಿ ಏನು ಮಾಡಲಿ, ಮಲಗಿದ್ದರೂ ಬೆಳಿಗ್ಗೆ ಸೀರೆ ಮುಗಿದಿರಬೇಕು, ಎದ್ದಿದ್ದರೂ ಮುಗಿದಿರಬೇಕು ಎಂದುಕೊಂಡಳು. ಲಾಳಿ ಎಸೆದಳು. ಕಟಕ್, ಧಡ್.

ಗಿರೆವ್ವ ಬಾಗಿಲ ಬಳಿ, ಗೋಡೆಗೆ ಆನಿಸಿಟ್ಟ ತೊಟ್ಟಿಲ ಪಕ್ಕ ಕೂತಿದ್ದಳು. ಅವಳಿಗೆ ಕೌದಿ ಕಾಣುತ್ತಿತ್ತು. ಅವಳು ಕಂಡದ್ದು ಇಷ್ಟು. ಮೊದಲು ಗೂಳ್ಯಾ ತಿರುಗಿ ಮಲಗಿದ, ಶಂಕ್ರಿಯ ಕಾಲಿನ ಕಡೆಗೆ ತಲೆ ಹಾಕಿ. ತೊಟ್ಟಿಲಲ್ಲಿ ಮಲಗುತ್ತಿದ್ದಂತೆ. ಆಮೇಲೆ ಅವಳ ಪಾದವನ್ನು ಹಿಡಿದುಕೊಂಡ. ಶಂಕ್ರಿ ಅವನ ಪಾದವನ್ನು ಹಿಡಿದುಕೊಂಡಳು. ಮಗ್ಗದ ಒಂದೊಂದು ಏಟಿಗೂ ಆ ನಾಲ್ಕು ರೆಪ್ಪೆಗಳು ಒಂದೊಂದು ಎಳೆಯಷ್ಟು ಇಳಿದವು. ಮುಚ್ಚಿದವು.

ಗಿರೆವ್ವ ಎದ್ದು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಲಾಳಿಯೊಳಗಿನ ನೂಲು ಮುಗಿಯಿತು. ನೂಲು ಸುತ್ತಿದ ಇನ್ನೊಂದು ಕಂಡಿಕೆ ಹಾಕದೆ ಮುಂದೆ ನೇಯುವಂತಿಲ್ಲ. ನೇಕಾರಗಿತ್ತಿಯ ಕೈ ನಿಂತಿತು. ಮಗ್ಗ ನಿಂತಿತು.

ಮನೆಯೆಲ್ಲ ನಿಶ್ಶಬ್ದವಾಯಿತು.

ಕೌದಿಯ ಮೇಲೆ ಶಂಕ್ರಿಯ ಬೆರಳು ಅಲುಗಿತು. ತುಟಿ ಅದುರಿತು. ಹುಬ್ಬು ಗಂಟಾಯಿತು. ಇನ್ನೊಂದು ಉಸಿರು ಕಳೆದರೆ ಅವ್ವಾ ಎನ್ನುತ್ತಾಳೆ.

ಆಗ ಗಿರೆವ್ವನಿಗೆ ತಿಳಿಯಿತು. ನಾಲ್ಕು ರಾತ್ರಿ ಆ ಮನೆಯಲ್ಲಿ ಮಕ್ಕಳನ್ನು ಎಬ್ಬಿಸಿದ್ದು ಯಾವುದೆಂದು ತಿಳಿಯಿತು. ಇನ್ನೊಂದೂ ತಿಳಿಯಿತು. ಈಗ ತಾನು ಸುಮ್ಮನೆ ಕೂತರೆ ಸಾಕು, ಹುಡುಗಿ ಏಳುತ್ತಾಳೆ, ಬೆಳಿಗ್ಗೆ ತನ್ನ ತೊಡೆಯ ಮೇಲೆ ಕೂತು ಗಾಡಿಯಲ್ಲಿ ಬರುತ್ತಾಳೆ. ಯಾರೂ ತನ್ನನ್ನು ಅನ್ನುವಂತಿಲ್ಲ.

ಗಿರೆವ್ವನ ಕೈ ಮೇಲೆದ್ದಿತು. ಬರಿದಾದ ತೊಟ್ಟಿಲಿನ ಪಟ್ಟಿಯ ಮೇಲೆ ಅಂಗೈಯಿಂದ ಬಡಿಯಿತು.

ಕಟಕ್, ಧಡ್. ಕಟಕ್, ಧಡ್.

ಶಂಕ್ರಿಯ ಹುಬ್ಬು ಸಡಿಲಾಯಿತು.

ನೇಕಾರಗಿತ್ತಿ ತಲೆಯೆತ್ತಿದಳು. ಗಿರೆವ್ವ ಬಡಿಯುತ್ತಲೇ, ಗದ್ದದಿಂದ, ಕಂಡಿಕೆ ಹಾಕು ಎಂದು ಸನ್ನೆ ಮಾಡಿದಳು. ನೇಕಾರಗಿತ್ತಿ ಹಾಕಿದಳು. ನೂಲು ಎರಡು ಸಲ ತಪ್ಪಿತು, ಮೂರನೆಯ ಸಲ ಸಿಕ್ಕಿತು. ಲಾಳಿ ಎಸೆದಳು. ಮಗ್ಗದ ಸದ್ದು ತೊಟ್ಟಿಲ ಸದ್ದಿಗೆ ಸೇರಿದ ಮೇಲೆ ಗಿರೆವ್ವ ಕೈ ಇಳಿಸಿದಳು. ನೂಲು ಮುಗಿದಾಗಲೆಲ್ಲ ಮತ್ತೆ ಬಡಿದಳು. ನೇಕಾರಗಿತ್ತಿ ಕೌದಿಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಬೆಳಗಿನ ಜಾವ ಗಂಡ ಎದ್ದು ಬಂದು ನೋಡಿದ. ಸೀರೆ ಮುಗಿದಿತ್ತು. ಹೆಂಡತಿ ಗುಂಡಿಯಲ್ಲಿ ಕೂತಲ್ಲೇ ಮಗ್ಗಕ್ಕೆ ತಲೆಯಿಟ್ಟು ಮಲಗಿದ್ದಳು. ಅಕ್ಕ ತೊಟ್ಟಿಲ ಮೇಲೆ ಕೈಯಿಟ್ಟು ಮಲಗಿದ್ದಳು. ಕೌದಿಯ ಮೇಲೆ ಮಕ್ಕಳು ಒಬ್ಬರ ಪಾದ ಒಬ್ಬರು ಹಿಡಿದು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದವು.

ಅವನು ಹೆಂಡತಿಯ ಭುಜ ಮುಟ್ಟಿದ. "ಏ, ಇವು ಯಾವಾಗ ಮಲಗಿದ್ವು?"

ಅವಳು ಕಣ್ಣು ಒರೆಸಿಕೊಂಡು ಹೇಳಿದಳು. "ನಾ ನೋಡಲಿಲ್ಲರೀ."

ಗಾಡಿ ಬಂತು. ಗಿರೆವ್ವ ಗೂಟದಿಂದ ಗಂಟು ಇಳಿಸಿದಳು. ಬಿಚ್ಚಿ ಅಂಗಿ, ಕುಲಾಯಿ, ಗೊಂಬೆ ಎಲ್ಲವನ್ನೂ ಇದ್ದಲ್ಲಿ ಇಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು ತಂದು ತೊಟ್ಟಿಲಲ್ಲಿ ಮಲಗಿಸಿ, ತನ್ನ ಹಳೆಯ ಸೀರೆಯ ತುಂಡನ್ನು ಹೊದಿಸಿದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಅದನ್ನೇ ಅಲ್ಲವೇ?

"ಬರಿ ತೊಟ್ಟಿಲು ಒಯ್ಯಬಾರದು" ಎಂದಳು. "ಈ ಕೂಸು ಚಲೋ ಐತಿ. ಹಾಕಿದಲ್ಲೆ ಮಲಗತೈತಿ."

ನಕ್ಕಳು. ಗಾಡಿ ಊರ ಬಾಗಿಲು ದಾಟುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ಇಷ್ಟು ಹೇಳಿ ಮಠದ ಅಜ್ಜ ಕತೆ ಮುಗಿಸಿದರು.

ಶಿಷ್ಯನ ಕೈಯ ಹಿಟ್ಟು ಉದುರುತ್ತಿತ್ತು. ಅವನು ಕೇಳಿದ. "ಹಂಗಾದ್ರ ಅಜ್ಜಾ, ಮಕ್ಕಳು ಮಲಗ್ಯಾವಂತ ಆಕಿಗೆ ತಿಳಿಯೂದಾದ್ರೂ ಹ್ಯಾಂಗ್ರಿ?"

ಅಜ್ಜ ಬೀಸುವ ಕಲ್ಲಿದ್ದ ಕೋಣೆಯ ಕಡೆ ಕಿವಿಗೊಟ್ಟರು. ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ.

"ನೀ ಬೀಸೂದು ನಿಲ್ಲಿಸಿ ಎಷ್ಟು ಹೊತ್ತಾತಪಾ?"